ಲಾಳದ ಸಾಬರ ಜಾಲಿ ಬೆಣೆ

ಗುಜರಿಯವನ ತಳ್ಳುಗಾಡಿ ನಮ್ಮ ಬಾಗಿಲಿಗೆ ಬಂದಾಗ ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಸೊಸೆ ಕೊಟ್ಟಿಗೆಯ ಅಟ್ಟ ಖಾಲಿ ಮಾಡಿಸುತ್ತಿದ್ದಳು. ಸೀಳಿದ ಬಕೆಟ್ಟು, ಔಷಧಿ ಹೊಡೆಯುವ ತೂತು ಡಬ್ಬ, ಸೈಕಲ್ಲಿನ ಚೈನು, ಒಂದೊಂದೇ ತಕ್ಕಡಿಗೆ ಹೋದವು. ನಾನು ಬಾಯಿ ಹಾಕಲಿಲ್ಲ. ಆಮೇಲೆ ಅವನು ಒಂದು ಗೋಣಿಯ ಗಂಟು ಬಿಚ್ಚಿದ. ಹಳೆಯ ಹರಳೆಣ್ಣೆ, ತುಕ್ಕು, ಸುಟ್ಟ ಕಬ್ಬಿಣ ಮೂರೂ ಬೆರೆತ ಒಂದು ಘಾಟು ಮೂಗಿಗೆ ಬಂತು. ಮೊರ ಪಕ್ಕಕ್ಕಿಟ್ಟು ಎದ್ದೆ.

ಅವನ ಕೈಯಲ್ಲಿದ್ದದ್ದು ಎರಡು ಕಬ್ಬಿಣದ ತಗಡು. ಮುಗಿದ ಕೈಯನ್ನು ಅರ್ಧ ಬಿಡಿಸಿದ ಹಾಗೆ ಒಂದಕ್ಕೊಂದು ಸೇರಿಕೊಂಡಿದ್ದವು. ಸೇರುವ ಜಾಗದಲ್ಲಿ ಒಂದು ಚೌಕದ ತೂತು, ಅದರೊಳಗೆ ಹುಡಿಯಾದ ಮರದ ಚೂರು.

“ಅದನ್ನ ಕೆಳಗಿಡಪ್ಪ” ಎಂದೆ.

“ಒಳ್ಳೆ ತೂಕ ಬತ್ತದೆ ಅಜ್ಜಿ, ದಪ್ಪ ಕಬ್ಬಿಣ” ಎಂದ ಅವನು.

“ತೂಕ ನಂಗೊತ್ತು. ಕೆಳಗಿಡು.”

ಸೊಸೆ ನನ್ನ ಮುಖ ನೋಡಿದಳು. ಅವಳಿಗೆ ಅದು ಏನೆಂದು ಗೊತ್ತಿಲ್ಲ. ಗೊತ್ತಿರಬೇಕಾದವರು ಊರಲ್ಲಿ ಈಗ ನನ್ನನ್ನು ಬಿಟ್ಟರೆ ಯಾರಿದ್ದಾರೆ… ಬರೆದಿಡೋಣ ಎಂದು ಕೂತಿದ್ದೇನೆ.

ಅದನ್ನು ಮಾಡಿದವರನ್ನು ಊರೆಲ್ಲ ಲಾಳದ ಸಾಬರು ಎಂದು ಕರೆಯುತ್ತಿತ್ತು. ಮದ್ದೂರು ಪೇಟೆಯ ಹಿಂದಿನ ಓಣಿಯಲ್ಲಿ ಮನೆ. ಎತ್ತಿನ ಕಾಲಿಗೆ ಲಾಳ ಕಟ್ಟುವುದು ಅವರ ಅಪ್ಪನಿಂದ ಬಂದ ಕಸುಬು. ಸಂತೆಯ ದಿನ ಸಂತೆಯಲ್ಲಿ, ಮಿಕ್ಕ ದಿನ ಕೊಪ್ಪದ ಸುತ್ತಿನ ನಮ್ಮ ಹಳ್ಳಿಗಳಲ್ಲಿ, ಬೇಸಿಗೆಯಲ್ಲಿ ಮಳವಳ್ಳಿ ಕಡೆ. ಒಂದು ಮುದಿ ತಟ್ಟುಕುದುರೆಯ ಮೇಲೆ ತಿದಿ, ಅಡಿಗಲ್ಲು, ಲಾಳದ ಚೀಲ ಹೇರಿಕೊಂಡು ಪಕ್ಕದಲ್ಲಿ ನಡೆದು ಬರುತ್ತಿದ್ದರು. ಆ ತಟ್ಟುವಿನ ಮೇಲೆ ಅವರು ಕೂತದ್ದನ್ನು ನಾನು ನೋಡಲೇ ಇಲ್ಲ. ಕೂರಬಾರದೇ ಎಂದರೆ, ಅದಕ್ಕೂ ವಯಸ್ಸಾಗಿದೆ ನನಗೂ ವಯಸ್ಸಾಗಿದೆ, ಯಾರು ಯಾರನ್ನು ಹೊರಬೇಕು ಎಂದು ನಗುತ್ತಿದ್ದರು. ಕುಳ್ಳನೆಯ ಆಳು, ಹೋತದ ಗಡ್ಡ, ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ಮೃದುವಾಗಿ ಮಾತಾಡುತ್ತಿದ್ದರು. ಆದರೆ ಒಮ್ಮೆ ಆಗೋದಿಲ್ಲ ಎಂದರೆ ಮುಗಿಯಿತು, ಮೈಸೂರು ಮಹಾರಾಜರು ಬಂದು ಹೇಳಿದರೂ ಆಗೋದಿಲ್ಲ.

ಕೈಗೆ ಕೊಡುವ ಕೂಲಿ ಕಡಿಮೆ. ಸುಗ್ಗಿಯಲ್ಲಿ ಅಗಸನಿಗೆ, ಕುಂಬಾರನಿಗೆ, ಆಚಾರಿಗೆ ಕಣದಲ್ಲಿ ಅಳೆದಂತೆ ಸಾಬರಿಗೂ ರಾಗಿ ಭತ್ತ ಅಳೆಯುತ್ತಿದ್ದರು. ಅದಕ್ಕೆ ಆಯ ಎನ್ನುತ್ತಿದ್ದೆವು. ಆಯ ತೆಗೆದುಕೊಂಡ ಕಸುಬುದಾರ ವರ್ಷವೆಲ್ಲ ಊರಿನವನು. ಅವನ ಕೈಯಿಂದ ಹೊಸದೇನು ಬಂದರೂ ಅದೂ ಊರಿನದು. ಅವನ ಹೊಟ್ಟೆಯನ್ನು ಊರು ನೋಡಿಕೊಂಡಿದೆ, ಹಾಗಾಗಿ ಅವನ ತಲೆಗೆ ಹೊಳೆದದ್ದು ಊರಿಗೆ ಸೇರಿತು. ಇದು ಸರಿಯೋ ತಪ್ಪೋ ಎಂದು ಕೇಳುವವರು ನಮ್ಮಲ್ಲಿ ಆಗ ಇರಲಿಲ್ಲ. ಕೇಳುವವರು ಮಂಡ್ಯದಿಂದ ಬಂದರು, ಅದು ಮುಂದಿನ ಮಾತು.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನಾಲೆಯ ನೀರು ಬಂದು ಕೆಲವು ವರ್ಷವಾಗಿತ್ತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೆಲ್ಲ ಕಬ್ಬು. ನಮ್ಮ ಯಜಮಾನರಿಗೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹೊಲದ ಯಜಮಾನಿಕೆ ಅತ್ತೆಯದು, ನಾನು ಅವರ ಹಿಂದೆ. ನಾನು ಮಂಡ್ಯದಲ್ಲಿ ಮಿಡ್ಲ್ ಸ್ಕೂಲು ಓದಿದ್ದವಳಾದ್ದರಿಂದ ಊರಿಗೆ ಬಂದ ಕಾಗದವೆಲ್ಲ ನನ್ನ ಮುಂದೆ ಬಂದು ನಿಲ್ಲುತ್ತಿತ್ತು. ಅತ್ತೆಗೆ ಅಕ್ಷರ ಬಾರದು, ಬಾಯಿ ಮಾತ್ರ ಚೆನ್ನಾಗಿ ಬರುತ್ತಿತ್ತು.

ಕಬ್ಬು ನಮಗೆ ಹೊಸ ಬೆಳೆ. ಆಳವಾಗಿ ಸಾಲು ಬಿಡಿಸಬೇಕು, ಬೆಳೆದಂತೆ ಬುಡಕ್ಕೆ ಮಣ್ಣು ಏರಿಸಬೇಕು. ಮರದ ನೇಗಿಲಿಗೆ ಅದು ಆಗುತ್ತಿರಲಿಲ್ಲ. ಮಂಡ್ಯದ ಕಬ್ಬಿಣದಂಗಡಿಯ ಸಾಹುಕಾರರು ದೊಡ್ಡ ಕಬ್ಬಿಣದ ನೇಗಿಲು ತರಿಸಿ ಮಾರುತ್ತಿದ್ದರು, ಅತ್ತೆಯೂ ಒಂದು ತಂದಿದ್ದರು. ನಾಲೆಯ ನೀರು ಕುಡಿದ ಜಿಗುಟು ಮಣ್ಣಿನಲ್ಲಿ ಅದನ್ನು ಎಳೆದು ಎಳೆದು ಎತ್ತುಗಳ ಬಾಯಲ್ಲಿ ನೊರೆ. ಒಂದು ದಿನ ಸಾಬರು ನಮ್ಮ ಬಿಳಿ ಎತ್ತನ್ನು ಕೆಡವಿ, ಕಾಲು ಕಟ್ಟಿ, ಹಳೆ ಲಾಳ ಕಿತ್ತವರು ಹೊಸದು ಹೊಡೆಯದೆ ಗೊರಸನ್ನೇ ನೋಡುತ್ತ ಕೂತರು.

“ನೋಡವ್ವ, ಒಳಗ್ಗೊರಸು ಮಾತ್ರ ಸವೆದೈತೆ” ಎಂದರು ಅತ್ತೆಗೆ. “ಗಾಡಿ ಎಳ್ದು ಇಂಗೆ ಸವೆಯಲ್ಲ. ನಿಮ್ ಕಬ್ಬಿಣದ ನೇಗ್ಲು ಇದರ ಕಾಲ್ ತಿಂತಾ ಕುಂತೈತೆ.”

“ತಿಂದ್ರೆ ನಾನೇನ್ ಮಾಡ್ಲಿ ಸಾಬ್ರೇ? ನಿಮ್ ಕೈಲಿ ಬೇರೆ ನೇಗ್ಲು ಮಾಡಕ್ಕಾಯ್ತದಾ?”

ಅತ್ತೆ ಚುಚ್ಚುವುದಕ್ಕೆ ಹೇಳಿದ ಮಾತು. ಅವರು ನಿಜಕ್ಕೂ ಕೇಳಿದ್ದಾರೆ ಎಂದು ಸಾಬರು ತಿಳಿದುಕೊಂಡರು.

ನೇಗಿಲು ಮಾಡಲಿಲ್ಲ. ಮನೆಯಲ್ಲಿದ್ದ ಮರದ ನೇಗಿಲಿಗೇ ಕಟ್ಟಿಕೊಳ್ಳುವ ಎರಡು ರೆಕ್ಕೆ ಮಾಡಿದರು. ನೇಗಿಲ ಗುಳ ಸೀಳಿದ ಮಣ್ಣನ್ನು ರೆಕ್ಕೆ ಎರಡೂ ಬದಿಗೆ ತಳ್ಳಬೇಕು, ಅಷ್ಟೇ. ಮೊದಲ ಸಲ ಕಟ್ಟಿ ಉತ್ತಾಗ ಮಣ್ಣು ಎಳೆ ಕಬ್ಬಿನ ತಲೆಯ ಮೇಲೇ ಬಿತ್ತು. ಅತ್ತೆ ಬದುವಿನ ಮೇಲೆ ನಿಂತು, “ಕಬ್ ಬೆಳೀಬೇಕೋ ಸಾಬ್ರೇ, ಸಮಾಧಿ ಮಾಡ್ಬೇಕೋ?” ಎಂದರು. ರೆಕ್ಕೆಯ ಕೆಳ ಅಂಚು ಹೀಗೆ ಓರೆಯಾಗಿರಲಿ ಎಂದು ತಮ್ಮ ಅಂಗೈಯನ್ನೇ ವಾಲಿಸಿ ತೋರಿಸಿದರು. ಸಾಬರು ಆ ಅಂಗೈಯನ್ನು ನೋಡಿ ನೋಡಿ ಹಾಗೇ ಬಗ್ಗಿಸಿಕೊಂಡು ಬಂದರು. ಮತ್ತೊಂದು ಸಲ ರೆಕ್ಕೆ ಹಿಡಿದಿದ್ದ ಕಬ್ಬಿಣದ ಕಡ್ಡಿ ಕೆಸರಿನಲ್ಲಿ ಬಿದ್ದು ಕಳೆದುಹೋಯಿತು. ನಮ್ಮ ಮನೆಯ ಆಳು ಬೇಲಿಯ ಜಾಲಿ ಕೊಂಬೆ ಕಡಿದು, ಚೂಪು ಮಾಡಿ, ಬೆಣೆಯ ಹಾಗೆ ಹೊಡೆದು ಕೆಲಸ ಮುಗಿಸಿದ. ಬೆಣೆ ಒಳಕ್ಕೆ ಹೊಡೆದಷ್ಟೂ ರೆಕ್ಕೆ ಅಗಲವಾಯಿತು, ಸಡಿಲಿಸಿದರೆ ಕಿರಿದಾಯಿತು. ಎಳೆ ಕಬ್ಬಿಗೆ ಕಿರಿದು, ಬಲಿತದ್ದಕ್ಕೆ ಅಗಲ. ಸಾಬರು ಅಲ್ಲೇ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬೆಣೆಯನ್ನು ಹೊಡೆದರು, ಕಿತ್ತರು, ಮತ್ತೆ ಹೊಡೆದರು. ಆಮೇಲೆ ಅವರು ಕಬ್ಬಿಣದ ಕಡ್ಡಿ ಮಾಡಲೇ ಇಲ್ಲ.

ನಮ್ಮ ಊರಲ್ಲಿ ಹೊಸ ಹತಾರವನ್ನು ಕದ್ದುಮುಚ್ಚಿ ಬಳಸುವ ಹಾಗಿರಲಿಲ್ಲ. ಪರೀಕ್ಷೆಗೆ ಒಂದೆರಡು ಸಾಲು ಉಳಬಹುದು. ಆದರೆ ಅದು ಸರಿಯಾಗಿ ಹೊಲಕ್ಕೆ ಇಳಿಯುವುದು ಹೊನ್ನಾರಿನ ದಿನವೇ. ಯುಗಾದಿಯ ದಿನ ಎತ್ತುಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಊರಿನ ನೇಗಿಲೆಲ್ಲ ಒಟ್ಟಿಗೆ ಹೊರಟು ವರ್ಷದ ಮೊದಲ ಸಾಲು ಉಳುವುದಕ್ಕೆ ಹೊನ್ನಾರು ಎನ್ನುತ್ತಾರೆ. ಅಂದು ಹೊಸ ಹತಾರಕ್ಕೆ ಎಲ್ಲರ ಎದುರಿಗೆ ಅರಿಶಿನ ಕುಂಕುಮ. ಮುಟ್ಟಿ ನೋಡುವವರು ಮುಟ್ಟಿ ನೋಡಬೇಕು, ಕೇಳುವವರು ಕೇಳಬೇಕು. ಮಾಡಿದವನು ಹೇಳಬೇಕು.

ಆ ವರ್ಷದ ಹೊನ್ನಾರಿಗೆ ರೆಕ್ಕೆ ಇಳಿಯಿತು. ಅಕ್ಕಪಕ್ಕದ ಊರಿನವರೂ ಬಂದಿದ್ದರು. ಮಂಡ್ಯದ ಸಾಹುಕಾರರು ಹಬ್ಬದ ದಿನ ತಮ್ಮ ಗಿರಾಕಿಗಳ ಊರಿಗೆ ಎಲೆ ಅಡಿಕೆ ಹಿಡಿದು ಹೋಗುವ ರೂಢಿ ಇಟ್ಟುಕೊಂಡಿದ್ದವರು, ಅವರೂ ಬಂದಿದ್ದರು. ಬಿಳೀ ಪಂಚೆ ಮೇಲೆತ್ತಿ ನೇಗಿಲ ಹಿಂದೆಯೇ ನಡೆದರು. ಬಗ್ಗಿ ಬೆಣೆ ಮುಟ್ಟಿದರು. ಇದು ಹೇಗೆ, ಅದು ಯಾಕೆ ಎಂದರು. ಸಾಬರು ಸಂತೋಷದಿಂದ ಎಲ್ಲ ಹೇಳಿದರು. ಮಧ್ಯಾಹ್ನ ಸಾಹುಕಾರರು ನಮ್ಮ ಮನೆಯಲ್ಲೇ ಊಟ ಮಾಡಿ ಎತ್ತಿನ ಗಾಡಿ ಹತ್ತಿದರು.

ಮುಂದಿನ ಕಬ್ಬು ನೆಡುವ ಹೊತ್ತಿಗೆ ಮಂಡ್ಯದ ಅಂಗಡಿಯ ಮುಂದೆ ರೆಕ್ಕೆಗಳು ತೂಗಾಡುತ್ತಿದ್ದವು. ಬಣ್ಣ ಬಳಿದ ರೆಕ್ಕೆ, ಒಂದೊಂದರ ಮೇಲೂ ಮುದ್ರೆ. ಜಾಲಿ ಬೆಣೆಯ ಜಾಗದಲ್ಲಿ ಹೊಸ ನಮೂನೆಯ ಬೋಲ್ಟು. ಬೋಲ್ಟು ಸವೆದರೆ ಮತ್ತೆ ಅದೇ ಅಂಗಡಿಗೆ ಹೋಗಬೇಕು, ಬೇರೆ ಎಲ್ಲೂ ಆ ಅಳತೆಯದು ಸಿಗುವುದಿಲ್ಲ. ಅದರ ಹಿಂದೆಯೇ ಅಚ್ಚು ಹಾಕಿದ ನೋಟೀಸು ಬಂತು. ಮದ್ದೂರು, ಮಳವಳ್ಳಿ ಕಡೆಯ ಕುಲುಮೆಗಳಿಗೆಲ್ಲ ಹೋಗಿತ್ತು. ಸಾಬರು ತಮ್ಮದನ್ನು ಹಿಡಿದು ನಮ್ಮ ಜಗಲಿಗೆ ಬಂದರು. ನಾನು ಓದಿದೆ. ಈ ರೆಕ್ಕೆಯನ್ನು ಕಂಡುಹಿಡಿದವರು ಸಾಹುಕಾರರು, ಸರ್ಕಾರದ ಪೇಟೆಂಟು ಅವರ ಹೆಸರಿಗಿದೆ, ಇನ್ನು ಯಾರು ಮಾಡಿದರೂ ಮಾರಿದರೂ ಕೋರ್ಟಿಗೆ ಎಳೆಯುತ್ತೇವೆ.

ನಮಗೆ ಪೇಟೆಂಟು ಎಂದರೆ ಕೆಮ್ಮಿನ ಔಷಧಿಯ ಬಾಟಲಿ ಮಾತ್ರ ಗೊತ್ತಿತ್ತು. ಅತ್ತೆ, “ಕೆಮ್ಮಿಗೂ ನೇಗ್ಲಿಗೂ ಏನ್ಲಾ ಸಂಬಂಧ?” ಎಂದು ಆಳನ್ನು ಕೇಳಿದರು. ಅವನಿಗೇನು ಗೊತ್ತು.

ಸಾಬರು ಮಾತ್ರ, “ಇನ್ನೊಂದ್ಸಲ ಓದು ಮಗಾ” ಎಂದರು. ಓದಿದೆ. “ನಾನೂ ಮಾಡಂಗಿಲ್ಲ ಅಂತಾನಾ?”

“ನೀವೂ ಮಾಡಂಗಿಲ್ಲ.”

ಸಾಬರು ಆ ಕಾಗದವನ್ನು ನೀಟಾಗಿ ಮಡಿಸಿ, ತಟ್ಟುವಿನ ತಡಿಯ ಕೆಳಗೆ, ಅದರ ಬೆನ್ನಿನ ಹುಣ್ಣಿಗೆ ಒತ್ತಾಗದ ಹಾಗೆ, ಮೆತ್ತೆ ಕೊಟ್ಟರು.

ಮುಂದಿನ ಸಂತೆಗೆ ನಾನೂ ಅತ್ತೆಯೂ ಮೆಣಸಿನಕಾಯಿ ತರಲು ಹೋಗಿದ್ದೆವು. ಸಾಬರು ಎಂದಿನಂತೆ ಸಂತೆಯ ಮೂಲೆಯ ಹುಣಸೆಮರದ ಕೆಳಗಿರಲಿಲ್ಲ. ಸಾಹುಕಾರರು ಸಂತೆಗೆ ಸರಕು ಕಳಿಸಿ ರೆಕ್ಕೆ ಮಾರಿಸುತ್ತಿದ್ದ ಜಾಗದ ನೇರ ಎದುರಿಗೆ ತಿದಿ ಹೂಡಿದ್ದರು. ಎತ್ತು ಹಿಡಿದು ಬಂದವರಿಗೆ, “ಇವತ್ತು ಲಾಳ ಇಲ್ಲ, ನಾಳೆ ನಿಮ್ಮೂರಿಗೇ ಬತ್ತೀನಿ” ಎಂದು ಹೇಳಿ ಕಳಿಸುತ್ತಿದ್ದರು. ಹರಿದ ಗಾಡಿಪಟ್ಟಿಯೊಂದನ್ನು ಕಾಯಿಸಿ ರೆಕ್ಕೆ ಬಡಿಯುತ್ತಿದ್ದರು. ಬಡಿಯುತ್ತ ಗಟ್ಟಿಯಾಗಿ ಹೇಳುತ್ತಿದ್ದರು. ಇಷ್ಟು ಕೆಂಪಾಗ್ಬೇಕು. ಈ ಅಂಚು ಇಂಗೆ ವಾಲ್ಬೇಕು. ತೂತು ಚೌಕವಾಗೇ ಇರ್ಲಿ, ದುಂಡಗಾದ್ರೆ ಬೆಣೆ ತಿರುಗ್ತದೆ. ಮೃದುವಾಗಿ ಮಾತಾಡುವ ಮನುಷ್ಯ ಅಂದು ಹಗ್ಗ ಮಾರುವವರಂತೆ ಕೂಗುತ್ತಿದ್ದರು. ಸಂತೆಗೆ ಬಂದ ಆಚಾರಿಗಳೆಲ್ಲ ಸುತ್ತ ನಿಂತಿದ್ದರು. ಹೊನ್ನಾರಿನಲ್ಲಿ ನೋಡಿ ಕಲಿತು ರೆಕ್ಕೆ ಮಾಡುತ್ತಿದ್ದು, ನೋಟೀಸು ಬಂದ ಮೇಲೆ ಬಿಟ್ಟಿದ್ದವರು ಅವರು. ಮಳವಳ್ಳಿಯ ಮುದಿ ಆಚಾರಿಯೊಬ್ಬರು, “ಯಾಕ್ ಸಾಬ್ರೇ ಮೈಮೇಲೆ ಎಳ್ಕೋತೀರಿ?” ಎಂದರು.

“ಎಳ್ಕೊಳಾದೇನು, ನೋಟೀಸು ಬಂದೈತೆ. ಉತ್ರ ಕೊಡ್ತಾ ಇವ್ನಿ.”

ನನಗೆ ಈಗಲೂ ಆ ಮಾತು ನೆನೆದರೆ ಎದೆ ಉಬ್ಬುತ್ತದೆ. ಹೆದರಿಕೆಯೂ ಆಗಿತ್ತು, ಸುಳ್ಳೇಕೆ ಹೇಳಲಿ. ಅತ್ತೆ ಮೆಣಸಿನಕಾಯಿ ಮರೆತು ಅಲ್ಲೇ ಕೂತರು.

ಸಾಹುಕಾರರು ಹೇಳಿದಂತೆ ಕೋರ್ಟಿಗೆ ಹೋದರು. ಮಂಡ್ಯ ಆಗಷ್ಟೇ ಜಿಲ್ಲೆಯಾದ ಹೊಸತು, ಕೋರ್ಟಿನ ಗೋಡೆಗಳ ಸುಣ್ಣ ಇನ್ನೂ ಮೈಗೆ ಅಂಟುತ್ತಿತ್ತು. ಖಾದಿ ಉಡುವ ಒಬ್ಬ ಎಳೆ ವಕೀಲರು ಫೀಜಿಲ್ಲದೆ ಸಾಬರ ಕಡೆ ನಿಂತರು. ವಿಚಾರಣೆಗೆ ಮುಂಚೆ ಕೋರ್ಟಿನ ಎದುರಿನ ಹೋಟೆಲಿನ ಬೆಂಚಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಯ ಹೇಳಿದರು. ಅವರ ಮಾತು ಇವತ್ತಿಗೂ ಕಿವಿಯಲ್ಲಿದೆ. ನಮ್ಮ ಮುಂದೆ ಎರಡು ದಾರಿ. ಒಂದು, ಇದನ್ನು ಕಂಡುಹಿಡಿದವರು ಸಾಬರು, ಸಾಹುಕಾರರು ಅವರಿಂದ ಕದ್ದರು ಎನ್ನುವುದು. ಗೆದ್ದರೆ ಪೇಟೆಂಟನ್ನು ಸಾಬರ ಹೆಸರಿಗೇ ಕೇಳಬಹುದು. ಆಮೇಲೆ ಸಾಹುಕಾರರೂ ಸಾಬರ ಬಾಗಿಲಿಗೆ ಬಂದು ಕೈಕಟ್ಟಿ ನಿಲ್ಲಬೇಕು. ಇನ್ನೊಂದು, ಸಾಹುಕಾರರು ಅರ್ಜಿ ಹಾಕುವ ಮುಂಚೆಯೇ ಇದು ಬಯಲಲ್ಲಿ, ಎಲ್ಲರ ಕಣ್ಣೆದುರು ಬಳಕೆಯಲ್ಲಿತ್ತು ಎನ್ನುವುದು. ಗೆದ್ದರೆ ಪೇಟೆಂಟು ಬಿದ್ದುಹೋಗುತ್ತದೆ. ಆಗ ಅದು ಯಾರ ಹೆಸರಿಗೂ ಇಲ್ಲ, ಸಾಬರ ಹೆಸರಿಗೂ ಇಲ್ಲ.

“ಯೋಚನೆ ಮಾಡಿ ಸಾಬರೇ” ಎಂದರು ವಕೀಲರು. “ಮೊದಲ ದಾರಿಯಲ್ಲಿ ನಿಮ್ಮ ಮಕ್ಕಳ ಕಾಲಕ್ಕೂ ಊಟ ಇದೆ.”

ನಾನು ಮನಸ್ಸಿನಲ್ಲೇ ಮೊದಲ ದಾರಿ ಹಿಡಿದು ಅರ್ಧ ನಡೆದಿದ್ದೆ. ಓಣಿಯ ಆ ಮನೆಯ ಸೋರುವ ಸೂರು ನೋಡಿದ್ದವಳು ನಾನು. ಸಾಹುಕಾರರು ಕೈಕಟ್ಟಿ ನಿಲ್ಲುವುದನ್ನೂ ನೋಡಬೇಕಿತ್ತು.

ಸಾಬರು ಕಾಫಿಯ ಲೋಟ ಕೆಳಗಿಟ್ಟರು. “ಎರಡ್ನೇದು ಮಾಡಿ ಸ್ವಾಮಿ.”

“ಯಾಕೆ?”

“ನನ್ ಹೆಸ್ರಿಗೆ ಬಂದ್ರೆ ಮಳವಳ್ಳಿ ಆಚಾರಿಗೆ ನೋಟೀಸು ನಾನು ಕಳಿಸ್ಬೇಕಾಯ್ತದೆ. ನನ್ ಕೈಲಾಗಲ್ಲ. ಲಾಳಾನ ಯಾರೋ ಒಬ್ಬ ಕಂಡಿಡ್ದಿರ್ತಾನಲ್ಲ ಸ್ವಾಮಿ, ನಮ್ಮಪ್ಪನೂ ನಾನೂ ಅದ್ರಾಗೇ ಉಂಡ್ವಿ. ಅವ್ನು ನಮ್ನ ಬ್ಯಾಡ ಅನ್ನಲಿಲ್ಲ.”

ನನಗೆ ಕೋಪ ಬಂತು. ಅಲ್ಲೇ ಹೇಳಿಯೂ ಬಿಟ್ಟೆ, ಇದು ದಡ್ಡತನ ಎಂದು. ಹೆಂಡತಿ ಮಕ್ಕಳ ಮುಖ ನೋಡಬೇಡವೇ ಎಂದೆ. ಸಾಬರು ನಕ್ಕು, “ಆಯ ಅಳೀತೀರಲ್ಲ ಮಗಾ, ಅಳೀತಾ ಇರಿ” ಎಂದರು. ನಾನು ನಗಲಿಲ್ಲ.

ಒಳಗೆ ನಡೆದದ್ದನ್ನು ನಮ್ಮ ಊರು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿತು. ನಮ್ಮ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆದು, ಇದನ್ನು ಮಾಡಿದವರ ಹೆಸರೇನು ಎಂದು ಜಡ್ಜಿ ಕೇಳಿದರು. ಲಾಳದ ಸಾಬರು ಎಂದ ಒಬ್ಬ. ಅವರ ಹೆಸರು ಎಂದರೆ, ಅದೇ ಸ್ವಾಮಿ ಲಾಳದ ಸಾಬರು ಎಂದ ಮತ್ತೊಬ್ಬ. ವರ್ಷಗಟ್ಟಲೆ ಅವರಿಗೆ ರಾಗಿ ಅಳೆದವರು, ಒಂದೇ ಬದುವಿನಲ್ಲಿ ಕೂತು ಬುತ್ತಿ ಬಿಚ್ಚಿದವರು, ಒಬ್ಬರಿಗೂ ಹೆಸರು ಗೊತ್ತಿಲ್ಲ. ಎದುರು ವಕೀಲರು ಎದ್ದು, ಹೆಸರೇ ಗೊತ್ತಿಲ್ಲದವರು ಇನ್ನೇನು ನೋಡಿರುತ್ತಾರೆ ಎಂದರು. ನನಗೆ ತಲೆ ತಗ್ಗಿಸುವಂತಾಯಿತು. ನನಗೂ ಗೊತ್ತಿರಲಿಲ್ಲ.

ಸಾಬರು ಕಟಕಟೆ ಹತ್ತಿದ ಮೇಲೆ ಇನ್ನೂ ಚೆಂದವಾಯಿತು. ಎದುರು ವಕೀಲರು, ಇದನ್ನೆಲ್ಲ ನೀವೊಬ್ಬರೇ ಕಂಡುಹಿಡಿದಿರಾ ಎಂದು ಕೇಳಿದರು.

“ಎಲ್ಲಾದ್ರೂ ಉಂಟಾ ಸ್ವಾಮಿ? ಅಂಚು ಈ ಅವ್ವಂದು. ಬೆಣೆ ಅವ್ರ ಮನೆ ಆಳಿಂದು. ಕಬ್ಬಿಣ ಬಡ್ದಿದ್ದು ನಾನು.”

ನಮ್ಮ ಖಾದಿ ವಕೀಲರು ಹಣೆ ಹಿಡಿದುಕೊಂಡರು. ನಮ್ಮ ಆಳು ಬಾಗಿಲ ಬಳಿ ನಿಂತಿದ್ದವನು ತಲೆವಸ್ತ್ರ ಸರಿಮಾಡಿಕೊಂಡ. ಅವನಿಗೂ ಒಂದು ಪಾಲಿದೆ ಎಂದು ಯಾರಾದರೂ ಸಭೆಯಲ್ಲಿ ಹೇಳಿದ್ದು ಅದೇ ಮೊದಲಿರಬೇಕು.

ಕೊನೆಗೆ ಅತ್ತೆಯ ಸರದಿ. ರೆಕ್ಕೆ ಹೊಲಕ್ಕೆ ಇಳಿದದ್ದು ಯಾವಾಗ ಎಂದರೆ, “ಯುಗಾದಿ ಹೊನ್ನಾರಿಗೆ. ಪಂಚಾಂಗ ನೋಡ್ಕೊಳಿ ಸ್ವಾಮಿ” ಎಂದರು. ಸಾಹುಕಾರರು ಅಲ್ಲಿದ್ದರು ಅನ್ನುವುದಕ್ಕೆ ಏನು ಗುರುತು ಎಂದು ಎದುರು ವಕೀಲರು ಕೇಳಿದರು.

ಅತ್ತೆ ಅವರ ಕಡೆ ನೋಡಲೇ ಇಲ್ಲ. ನೇರ ಸಾಹುಕಾರರ ಕಡೆ ತಿರುಗಿದರು. “ಒಬ್ಬಟ್ಟು ಇಕ್ಕಿದ್ದು ಈ ಕೈ. ಒಂದು ತಿಂದು ಇನ್ನೊಂದು ಆಕವ್ವ ಅಂದ್ರು. ತುಪ್ಪ ಬ್ಯಾಡ, ಹಾಲು ಸಾಕು ಅಂದ್ರು. ಉಣ್ಣಲಿಲ್ಲ ಅನ್ಲಿ, ನಾನು ಇಲ್ಲಿಂದ ಇಳ್ದು ಓಯ್ತೀನಿ.”

ಸಾಹುಕಾರರ ವಕೀಲರು ಅವರ ಕಿವಿಯಲ್ಲಿ ಏನೋ ಹೇಳಿದರು. ಸಾಹುಕಾರರು ತಲೆಯಾಡಿಸಿ ಬೇಡವೆಂದರು. ಕಾಗದದ ಮೇಲೆ ಏನು ಬೇಕಾದರೂ ಬರೆಸಿದ ಮನುಷ್ಯ, ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ದಾಟಲಾರದೆ ಹೋದರು. ಜಡ್ಜಿ ಕೇಳಿದಾಗ, “ಹೋಗಿದ್ದೆ, ಊಟ ಮಾಡಿದ್ದೆ” ಎಂದರು. ಯುಗಾದಿಯಾದ ಮೇಲೆ ಅರ್ಜಿ ಹಾಕಿದ್ದು ಅವರದೇ ಕಾಗದದಲ್ಲಿತ್ತು. ಅಲ್ಲಿಗೆ ಮುಗಿಯಿತು.

ಪೇಟೆಂಟು ಬಿತ್ತು. ಹೊರಗೆ ಬಂದಾಗ ನಮ್ಮವರು ಸಾಬರ ತಟ್ಟುವಿಗೆ ಹಾರ ಹಾಕಿದರು, ಸಾಬರು ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಸಾಹುಕಾರರು ಮೆಟ್ಟಿಲ ಬಳಿ ನಿಂತು ಶಾಂತವಾಗಿ ಹೇಳಿದರು: “ಯಾರದ್ದೂ ಅಲ್ಲ ಅಂದರೆ ನನಗೂ ಬಂತಲ್ಲ ಸಾಬರೇ. ನೀವೂ ಮಾಡಿ, ನಾನೂ ಮಾಡ್ತೀನಿ. ಕಬ್ಬಿಣ ಯಾರ ಹತ್ತಿರ ಇದೆ ನೋಡೋಣ.”

ಆ ಮಾತಿನಲ್ಲಿ ಎಷ್ಟು ಸತ್ಯವಿತ್ತು ಎಂದು ಯುದ್ಧ ಬಂದ ಮೇಲೆ ತಿಳಿಯಿತು. ಕಬ್ಬಿಣಕ್ಕೆ ಕಂಟ್ರೋಲು ಬಂತು, ಪರ್ಮಿಟ್ಟು ಬಂತು. ಸಾಹುಕಾರರಿಗೆ ಪರ್ಮಿಟ್ಟು, ಸಾಬರಿಗೆ ಗೆದ್ದ ತೀರ್ಪು. ಮಾಡುವ ಹಕ್ಕು ಇತ್ತು, ಮಾಡುವುದಕ್ಕೆ ಸಾಮಾನಿರಲಿಲ್ಲ. ತಿದಿ ಮೂಲೆ ಸೇರಿತು. ಲಾಳಕ್ಕೇ ಕಬ್ಬಿಣವಿಲ್ಲದೆ ಎತ್ತುಗಳು ಬರಿಗಾಲಲ್ಲಿ ಕಬ್ಬಿನ ಗಾಡಿ ಎಳೆದವು.

ನಮ್ಮ ಯಜಮಾನರು ವಾರದ ರಜೆಗೆ ಬಂದಾಗ ಇದನ್ನೇ ಎತ್ತಿ ಆಡುತ್ತಿದ್ದರು. ಕಾರ್ಖಾನೆಯ ಯಂತ್ರಗಳ ನಡುವೆ ಇದ್ದವರು ಅವರು. “ಕಂಡಿಡ್ದೋನಿಗೆ ಏನೂ ಸಿಕ್ಕಲ್ಲ ಅಂದ್ರೆ ನಾಳೆ ಯಾರು ಕಂಡಿಡೀತಾರೆ? ನಿಮ್ ಸಾಬ್ರು ಬೇಲಿ ಕಿತ್ತಾಕಿದ್ರು, ಕೊಬ್ಬಿದ ಎತ್ತೇ ಬಂದು ಮೇಯ್ತು” ಎನ್ನುತ್ತಿದ್ದರು. ನಾನು ವಾದಿಸುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಅವರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬೇಲಿ ಇದ್ದಿದ್ದರೆ ಒಳಗಿರುತ್ತಿದ್ದವರು ಯಾರು ಎಂದಷ್ಟೇ ನಾನು ಕೇಳುತ್ತಿದ್ದದ್ದು.

ಉತ್ತರ ಕೊಟ್ಟವರು ಅತ್ತೆ, ಅದೂ ಬಾಯಲ್ಲಲ್ಲ. ಒಂದು ದಿನ ಒನಕೆಯ ತುದಿಯ ಕಬ್ಬಿಣದ ಬಳೆ ಬಿಚ್ಚಿದರು. ಮುರಿದ ಗುದ್ದಲಿ, ಹಳೇ ಗಾಡಿಯ ಪಟ್ಟಿ, ಬಾಗಿಲ ಚಿಲಕ, ಎಲ್ಲ ಒಂದು ಕುಕ್ಕೆಗೆ ತುಂಬಿ ತಲೆಯ ಮೇಲಿಟ್ಟುಕೊಂಡು ಬೀದಿಗಿಳಿದರು. ಮನೆಮನೆಯ ಮುಂದೆ ನಿಂತು, “ಏನೈತೆ ಇಕ್ಕವ್ವ” ಎಂದರು. ಭಿಕ್ಷೆಯ ಹಾಗಲ್ಲ, ಬರಬೇಕಾದದ್ದನ್ನು ಕೇಳುವ ಹಾಗೆ. ಆ ವರ್ಷದ ಕಣದಲ್ಲಿ ಸಾಬರಿಗೆ ರಾಗಿಯ ಜೊತೆ ಕಬ್ಬಿಣವನ್ನೂ ಅಳೆದೆವು. ಸುತ್ತಲಿನ ಊರುಗಳೂ ನೋಡಿ ಕಲಿತವು. ತಿದಿ ಮತ್ತೆ ಉಸಿರಾಡಿತು.

ಅಷ್ಟರಲ್ಲಿ ಸಾಹುಕಾರರ ರೆಕ್ಕೆಗಳ ಬೋಲ್ಟು ಸವೆಯಲು ಶುರುವಾಗಿತ್ತು. ಯುದ್ಧದಲ್ಲಿ ಆ ಬೋಲ್ಟು ಎಲ್ಲಿಂದ ಬರಬೇಕು? ಕೊಂಡವರೆಲ್ಲ ಬಣ್ಣದ ರೆಕ್ಕೆ ಹೊತ್ತು ಸಾಬರ ಬಳಿಗೇ ಬಂದರು. ಅವರು ದುಂಡು ತೂತನ್ನು ಕಾಯಿಸಿ ಚೌಕ ಮಾಡಿ, ಜಾಲಿ ಬೆಣೆ ಹೊಡೆದು ಕೊಟ್ಟರು. ಮುಂದಿನ ಬೆಣೆ ನೀವೇ ಕಡ್ಕೊಳಿ, ನನ್ನತ್ರ ಬರ್ಬೇಡಿ ಎಂದು ಬೈದೂ ಕಳಿಸಿದರು. ನಾನೊಮ್ಮೆ, ಆ ಮುದ್ರೆಯನ್ನಾದರೂ ಉಜ್ಜಿ ಹಾಕಿ ಎಂದೆ.

“ಇರ್ಲಿ ಬುಡು ಮಗಾ. ಮುದ್ರೆ ಉಳಾಕಿಲ್ಲ, ರೆಕ್ಕೆ ಉಳ್ತದೆ.”

ಯುದ್ಧ ಮುಗಿದ ಮೇಲೆ ಅವರ ಎದೆ ಕೆಟ್ಟಿತು. ಜೀವಮಾನವಿಡೀ ಕುಡಿದ ಇದ್ದಿಲ ಹೊಗೆ. ತಟ್ಟು ಮುಂಚೆ ಹೋಯಿತು, ಆಮೇಲೆ ಅವರು ಬರುವುದೇ ನಿಂತಿತು. ಸ್ವಾತಂತ್ರ್ಯ ಬಂದ ವರ್ಷದ ಯುಗಾದಿಗೆ ಮುಂಚೆ ಮದ್ದೂರಿನಿಂದ ಸುದ್ದಿ ಬಂತು. ಅತ್ತೆ ಆ ಹೊನ್ನಾರಿಗೆ ಒಬ್ಬಟ್ಟು ಮಾಡಲಿಲ್ಲ. ಮನೆಯವರೆಲ್ಲ ಏನೆಂದರೂ ಮಾಡಲಿಲ್ಲ. ಸುಗ್ಗಿಯಲ್ಲಿ ಅವರ ಪಾಲಿನ ರಾಗಿ ಅಳೆದು, ಓಣಿಯ ಮನೆಗೆ ಗಾಡಿ ಕಳಿಸಿದೆವು. ಹೆಂಡತಿ ಮಕ್ಕಳು ಚನ್ನಪಟ್ಟಣದ ನಂಟರ ಕಡೆ ಹೊರಟುಹೋಗಿದ್ದರು. ಗಾಡಿ ರಾಗಿಯ ಸಮೇತ ವಾಪಸು ಬಂತು… ಆ ಮೂಟೆಯನ್ನು ಅತ್ತೆ ಬಹಳ ದಿನ ಬಿಚ್ಚಲಿಲ್ಲ. ಆಯ ಅಳೆಯುತ್ತಾ ಇರಿ ಎಂದು ನನಗೆ ಹೇಳಿದ್ದರು. ನಾವು ಅಳೆದದ್ದು ಸಾಲಲಿಲ್ಲ. ಸೋರುವ ಸೂರಿನ ಕೆಳಗೇ ಅವರು ಹೋದರು. ಇದನ್ನು ನುಂಗಿಕೊಂಡು ಅವರನ್ನು ಬರೀ ಹೊಗಳಲು ನನಗೆ ಬರುವುದಿಲ್ಲ.

ಹೆಸರು? ಅಂದು ಸಾಬರ ಸರದಿ ಬಂದು ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಕೂಗಿದಾಗ ಕೇಳಿಸಿಕೊಂಡಿದ್ದೇನೆ, ಮರೆತಿಲ್ಲ. ಇಲ್ಲಿ ಬರೆಯುವುದಿಲ್ಲ. ರೆಕ್ಕೆಯ ಮೇಲೆ ಬೇಡವೆಂದವರ ಹೆಸರನ್ನು ನಾನು ಯಾಕೆ ಕೆತ್ತಲಿ.

ಗುಜರಿಯವನು ಹೋದ ಮೇಲೆ ಮೊಮ್ಮಗ ತನ್ನ ಸ್ನೇಹಿತನನ್ನು ಕರೆದುಕೊಂಡು ಬಂದ. ಗೆಜ್ಜಲಗೆರೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವವನು, ಟಿಲ್ಲರಿಗೆ ಸಲಕರಣೆ ಮಾಡುತ್ತಾನೆ. ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಟೇಪು ತೆಗೆದ. ಮತ್ತೆ ಏನೋ ನೆನಪಾಗಿ ನಿಂತ. ಅವನಿಗೂ ಯಾವುದೋ ಕಂಪನಿಯ ನೋಟೀಸು ಬಂದಿತ್ತಂತೆ.

“ಇದರ ಅಳತೆ ತಗೋಬೋದಾ ಅಜ್ಜಿ? ಯಾರ್ನಾದ್ರೂ ಕೇಳ್ಬೇಕಾ?”

“ಯಾರ್ನೂ ಕೇಳಂಗಿಲ್ಲ ಕಣ್ಲಾ. ಅದ್ಕೇ ಅವ್ರು ಕೋರ್ಟಿಗೆ ಓಗಿದ್ದು. ತಗೋ. ಬೋಲ್ಟು ಮಾತ್ರ ಆಕ್ಬೇಡ.”

ಅವನು ಅಳೆಯುತ್ತಿದ್ದಾಗ ನಾನು ಬೇಲಿಯಿಂದ ಒಂದು ಜಾಲಿ ಕಡ್ಡಿ ಕಡಿಸಿದೆ. ಕುಡುಗೋಲು ಹಿಡಿದು ನಾನೇ ಕೆತ್ತಿದೆ. ತೂತಿನ ಹುಡಿ ಊದಿ ತೆಗೆದು, ಬೆಣೆ ಇಟ್ಟು, ಕಲ್ಲಿನಿಂದ ಹೊಡೆದೆ. ರೆಕ್ಕೆ ಮೆಲ್ಲಗೆ ಬಿಡಿಸಿಕೊಂಡಿತು. ತೋರಿಸೋಣ ಎಂದು ತಲೆ ಎತ್ತಿದೆ. ತೋರಿಸಬೇಕಾದವರು ಇರಲಿಲ್ಲ.